ಸಲಾಂ ಹೇಳದೆ ಒಳಗೆ ಬರುವ ಜಾಹೀರಾತು

ಮಗನ ಪರೀಕ್ಷೆಯ ವಿಷಯ ಮಾತಾಡಲು ಮದ್ರಸಕ್ಕೆ ಬಂದಿದ್ದ ಒಬ್ಬ ತಾಯಿ ಮಾತು ಮುಗಿದ ಮೇಲೂ ಹೊರಡಲಿಲ್ಲ. ಬಾಗಿಲ ಹತ್ತಿರ ಮಗನ ಕೈ ಹಿಡಿದು ನಿಂತೇ ಇದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಉಸ್ತಾದರೇ, ಮೊಬೈಲು ನಮ್ಮ ಮನಸ್ಸಿನಲ್ಲಿ ಇರೋದನ್ನೂ ತಿಳ್ಕೊಳ್ತದಾ?"

ಅವರ ಮನೆ ಅಜ್ಜಂಪುರದ ಕಡೆ. ಗಂಡ ಗಲ್ಫ್‌ನಲ್ಲಿ ದುಡಿಯುತ್ತಾರೆ. ಅಲ್ಲಿ ಕೆಲವು ತಿಂಗಳಿಂದ ಸಂಬಳ ಸರಿಯಾಗಿ ಆಗಿಲ್ಲ. ಇಲ್ಲಿ ಶಾಲೆಯ ಫೀಸು, ಅಂಗಡಿಯ ಬಾಕಿ ಏರುತ್ತಿತ್ತು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಎರಡು ಬಳೆ ಅಡವಿಟ್ಟರೆ ಎಷ್ಟು ಸಿಗಬಹುದು ಅಂತ ಮೊಬೈಲಿನಲ್ಲಿ ಹುಡುಕಿದ್ದಾರೆ. ಅಷ್ಟೇ. ಅಡವಿಡಲಿಲ್ಲ, ಗಂಡನಿಗೂ ಹೇಳಲಿಲ್ಲ.

ಎರಡು ದಿನ ಬಿಟ್ಟು, ಮಗ್ರಿಬ್ ಆದ ಮೇಲೆ ಮಾವ ಟಿವಿಯಲ್ಲಿ ಒಂದು ಬಯಾನ್ ಹಾಕಿಕೊಂಡು ಕೂತಿದ್ದರು. ಮಧ್ಯದಲ್ಲಿ ಚಿನ್ನದ ಸಾಲದ ಜಾಹೀರಾತು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮರುದಿನ ಮತ್ತೆ ಅದೇ. ಹುಡುಕಿದ್ದರ ಜಾಹೀರಾತೇ ಹಿಂದೆ ಬರುತ್ತದೆ ಎಂದು ಮೊಮ್ಮಗ ಯಾವಾಗಲೋ ಹೇಳಿದ್ದು ಅವರಿಗೆ ನೆನಪಿತ್ತು. ಸೊಸೆಯ ಕೈ ಕಡೆ ನೋಡಿ, "ಮನೆಯಲ್ಲಿ ಯಾರು ಚಿನ್ನ ಅಡವಿಡೋಕೆ ಹೊರಟಿದ್ದೀರಿ?" ಎಂದು ಕೇಳಿಯೇಬಿಟ್ಟರು.

"ನಾನು ಯಾರಿಗೂ ಹೇಳಿಲ್ಲ ಉಸ್ತಾದರೇ. ಟಿವಿ ಹೇಳಿಬಿಟ್ಟಿತು."

ಈ ವಿಷಯವನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಯಾಕೆಂದರೆ ಈ ಲೇಖನದ ವಿಷಯವೇ ಒಪ್ಪಿಗೆ.

ಮಂಡಿಯಲ್ಲಿ ರಾಶಿ, ಮೊಬೈಲಿನಲ್ಲಿ ನಾವು

ಮೊದಲು ಆ ತಾಯಿಯ ಪ್ರಶ್ನೆಗೆ ಉತ್ತರ. ಮೊಬೈಲಿಗೆ ಮನಸ್ಸು ತಿಳಿಯುವುದಿಲ್ಲ. ನಾವು ಮನೆಯಲ್ಲಿ ಆಡುವ ಮಾತನ್ನು ಮೈಕ್ ಮೂಲಕ ಕದ್ದು ಕೇಳಿ ಜಾಹೀರಾತು ಕಳಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅಮೆರಿಕದ ಬೋಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಕಳಿಸಿದ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಆದರೆ ಪರದೆಯ ಮೇಲೆ ನಾವು ಮಾಡುವುದನ್ನು ಚಿತ್ರ ಮಾಡಿ ಬೇರೆಯವರಿಗೆ ಕಳಿಸುತ್ತಿದ್ದ ಆ್ಯಪ್‌ಗಳು ಸಿಕ್ಕಿದವು.

ನಿಜ ಹೇಳಬೇಕೆಂದರೆ ಕದ್ದು ಕೇಳುವ ಅಗತ್ಯವೇ ಅವರಿಗಿಲ್ಲ. ಎಲ್ಲವನ್ನೂ ನಾವೇ ಬೆರಳಿನಿಂದ ಒತ್ತಿ ತಿಳಿಸಿರುತ್ತೇವೆ. ಏನು ಹುಡುಕಿದೆವು, ಯಾವ ವಿಡಿಯೋದಲ್ಲಿ ಎಷ್ಟು ಹೊತ್ತು ನಿಂತೆವು, ಯಾವ ಪೇಟೆಯಲ್ಲಿ ಇದ್ದೇವೆ, ಒಂದೇ ವೈಫೈಯಲ್ಲಿ ಇನ್ನು ಯಾವ ಮೊಬೈಲುಗಳಿವೆ. ಪ್ರತಿ ಸ್ಮಾರ್ಟ್‌ಫೋನಿಗೂ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದಕ್ಕೆ ಅಡ್ವರ್ಟೈಸಿಂಗ್ ಐಡಿ ಎನ್ನುತ್ತಾರೆ. ಅದರಲ್ಲಿ ನಮ್ಮ ಹೆಸರಿಲ್ಲ. ಆದರೆ ಬೇರೆ ಬೇರೆ ಆ್ಯಪ್‌ಗಳಲ್ಲಿ ನಾವು ಬಿಟ್ಟ ಹೆಜ್ಜೆಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಲು ಆ ಸಂಖ್ಯೆ ಸಾಕು. ಆ ಮನೆಯಲ್ಲಿ ಮೊಬೈಲಿಗೂ ಟಿವಿಗೂ ಒಂದೇ ಖಾತೆ ಹಾಕಿದ್ದರು. ರಾತ್ರಿ ಒಬ್ಬರೇ ಹುಡುಕಿದ್ದು ಸಂಜೆ ಎಲ್ಲರ ಮುಂದೆ ಬಂದದ್ದು ಹೀಗೆ.

ಇನ್ನೊಂದು ವಿಷಯವೂ ಗೊತ್ತಿರಲಿ. ನಮ್ಮ ತರೀಕೆರೆ, ಬೀರೂರು ಕಡೆಯವರಿಗೆ ಅಡಿಕೆ ವ್ಯಾಪಾರ ಹೊಸದಲ್ಲ. ರಾಶಿ ನೋಡಿ, ವ್ಯಾಪಾರಿಗಳು ದರ ಬರೆದು ಹಾಕುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ಮೊಬೈಲಿನಲ್ಲಿ ಒಂದು ಪುಟ ತೆರೆದಾಗ ಎಷ್ಟೋ ಸಲ ನಡೆಯುವುದು ಇದೇ. ಅಲ್ಲಿ ರಾಶಿ ಅಂದರೆ ನಾವು. ಇಂಥ ಊರಿನ, ಇಂಥದ್ದರಲ್ಲಿ ಆಸಕ್ತಿ ಇರುವ ಒಬ್ಬರು ಈಗ ಪರದೆ ನೋಡುತ್ತಿದ್ದಾರೆ ಎಂಬ ವಿವರ ಹಲವು ಕಂಪನಿಗಳ ಕಂಪ್ಯೂಟರಿಗೆ ಹೋಗುತ್ತದೆ. ಅವು ದರ ಕೂಗುತ್ತವೆ. ಗೆದ್ದವರ ಜಾಹೀರಾತು ನಮಗೆ ಕಾಣುತ್ತದೆ. ರೆಪ್ಪೆ ಬಡಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಸೋತವರೂ ರಾಶಿಯನ್ನು ನೋಡಿಯಾಗಿರುತ್ತದೆ, ಅದನ್ನು ಮರೆಯಬಾರದು.

ಮೀನಿನ ಕಾಕನ ಲೆಕ್ಕ

ಇಷ್ಟು ಕೇಳಿದ ಕೂಡಲೇ ಮೊಬೈಲ್ ಹರಾಂ, ಜಾಹೀರಾತು ಫಿತ್ನಾ ಎಂದು ಹೊರಡುವುದು ಬೇಡ. ಅನುಕೂಲ ಇದೆ, ಅದನ್ನೂ ಹೇಳಬೇಕು.

ಮಂಗಳೂರಿನ ಧಕ್ಕೆಯ ಮೀನು ಘಟ್ಟ ಹತ್ತಿ ನಮ್ಮ ಬಯಲು ಸೀಮೆಗೆ ಬರುತ್ತದೆ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುವ ಮೀನಿನ ಕಾಕನನ್ನು ನೋಡಿ. ಈ ಮನೆಗೆ ಬಂಗುಡೆ, ಆ ಮನೆಗೆ ಬೂತಾಯಿ, ಮೂಲೆ ಮನೆಯ ಹಾಜಿಯವರಿಗೆ ಮುಳ್ಳು ಕಡಿಮೆ ಇರುವುದೇ ಆಗಬೇಕು, ಎಲ್ಲ ಅವರಿಗೆ ಬಾಯಿಪಾಠ. ಅಳಿಯ ಬಂದ ದಿನ ಅವರ ಬೈಕು ನಮ್ಮ ಬಾಗಿಲಲ್ಲೇ ಹೆಚ್ಚು ಹೊತ್ತು ಹಾರ್ನ್ ಹಾಕುತ್ತದೆ! ಗಿರಾಕಿಗೆ ಬೇಕಾದ್ದನ್ನು ತಿಳಿದು ಅವರ ಬಾಗಿಲಿಗೆ ಒಯ್ಯುವ ವಿದ್ಯೆ ನಮಗೆ ಹಳೆಯದೇ.

ತರೀಕೆರೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ನನ್ನ ಪರಿಚಯದ ಯುವಕರೊಬ್ಬರು ರಮಝಾನ್ ಸಮಯದಲ್ಲಿ ಮೊಬೈಲಿನಲ್ಲೇ ಜಾಹೀರಾತು ಕೊಟ್ಟರು. ಪೇಟೆಯ ಸುತ್ತ ಇಷ್ಟು ಕಿಲೋಮೀಟರ್ ಒಳಗಿನವರಿಗೆ ಮಾತ್ರ ಕಾಣಲಿ ಎಂದು ಆರಿಸಬಹುದಂತೆ. "ಬ್ಯಾನರ್ ಕಟ್ಟಿದರೆ ದಾರಿಯಲ್ಲಿ ಹೋಗೋರೆಲ್ಲ ನೋಡ್ತಾರೆ, ಕೊಳ್ಳೋರು ಯಾರು ಅಂತ ಗೊತ್ತಾಗಲ್ಲ ಉಸ್ತಾದ್. ಇದರಲ್ಲಿ ಹಾಗಲ್ಲ. ಲಿಂಗದಹಳ್ಳಿ, ಅಜ್ಜಂಪುರದಿಂದೆಲ್ಲ ಹುಡುಕ್ಕೊಂಡು ಬಂದ್ರು" ಎಂದರು. ದೊಡ್ಡ ಊರಿನ ದೊಡ್ಡ ಮಳಿಗೆಯ ಎದುರು ಸಣ್ಣ ಪೇಟೆಯ ಸಣ್ಣ ಅಂಗಡಿ ಉಳಿಯಲು ಇದು ಒಂದು ದಾರಿ. ಮನೆಯಲ್ಲೇ ಬುರ್ಖಾ ಹೊಲಿದು, ತಿಂಡಿ ಮಾಡಿ ಮಾರುವ ನಮ್ಮ ಹೆಣ್ಣುಮಕ್ಕಳಿಗೂ ಇದೇ ಅಂಗಡಿ ಬಾಗಿಲು.

ಪುಕ್ಕಟೆ ಸಿಗುವ ಸೇವೆಗಳ ಖರ್ಚೂ ಇಲ್ಲಿಂದಲೇ ಬರುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ನಡೆಸುವ ಮೆಟಾ ಕಂಪನಿಗೆ 2024ರಲ್ಲಿ ಬಂದ ಸುಮಾರು 164 ಬಿಲಿಯನ್ ಡಾಲರ್ ಆದಾಯದಲ್ಲಿ 160 ಬಿಲಿಯನ್ ಡಾಲರ್ ಜಾಹೀರಾತಿನದ್ದು. ನಾವು ಹಣ ಕೊಡುತ್ತಿಲ್ಲ ನಿಜ. ಆದರೆ ಕೊಡುವುದೇ ಇಲ್ಲ ಎಂದುಕೊಂಡರೆ ತಪ್ಪು.

ಹಾಗಾದರೆ ಮೀನಿನ ಕಾಕನಿಗೂ ಮೊಬೈಲಿಗೂ ವ್ಯತ್ಯಾಸ ಏನು? ಕಾಕನಿಗೆ ನಮ್ಮ ಮನೆ ಗೊತ್ತು, ನಮಗೂ ಅವರ ಮನೆ ಗೊತ್ತು. ಉದ್ರಿ ಪುಸ್ತಕದಲ್ಲಿ ನಮ್ಮ ಬಾಕಿ ಇದ್ದರೂ ಅದನ್ನು ಪಕ್ಕದ ಮನೆಯಲ್ಲಿ ಓದಿ ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಆ ಬೀದಿಯಲ್ಲಿ ಅವರ ಮೀನು ಹೋಗುವುದಿಲ್ಲ. ನಮ್ಮ ವಿಷಯ ಅವರ ಹತ್ತಿರ ಅಮಾನತ್ ಆಗಿ ಇರುತ್ತದೆ. ಮೊಬೈಲಿನ ಹಿಂದೆ ಇರುವವರ ಮುಖ ನಮಗೆ ಗೊತ್ತಿಲ್ಲ. ಅವರು ಯಾರಿಗೆ ಕೊಟ್ಟರು, ಅವರಿಂದ ಅದು ಯಾರಿಗೆ ಹೋಯಿತು, ಒಂದೂ ತಿಳಿಯದು.

ನಮಾಝ್ ಸಮಯ ಹೇಳುವ ಆ್ಯಪ್‌ನಲ್ಲಿ

ಈ ಮಾತು ನನಗೆ ಚುಚ್ಚುವುದಕ್ಕೆ ಕಾರಣ ಇದೆ. ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ನಾನೇ ಒಂದು ಸಲ ನಮಾಝ್ ಸಮಯದ ಆ್ಯಪ್‌ನ ಲಿಂಕ್ ಹಾಕಿದ್ದೆ. ಲೊಕೇಶನ್ ಕೇಳಿದರೆ ಅಲೋ ಒತ್ತಿ ಎಂದೂ ಬರೆದಿದ್ದೆ. ಒಳ್ಳೆಯ ಉದ್ದೇಶಕ್ಕೇ ಹಾಕಿದ್ದು.

ಆಮೇಲೆ ತಿಳಿದದ್ದು ಬೇರೆ. 2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಎಂಬ ಸುದ್ದಿ ಸಂಸ್ಥೆ ಒಂದು ವರದಿ ಪ್ರಕಟಿಸಿತು. ಜಗತ್ತಿನಲ್ಲಿ 9.8 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿದ್ದ ಮುಸ್ಲಿಂ ಪ್ರೊ ಆ್ಯಪ್‌ನಿಂದ ಬಳಕೆದಾರರ ಲೊಕೇಶನ್ ವಿವರ ಎಕ್ಸ್-ಮೋಡ್ ಎಂಬ ಕಂಪನಿಗೆ ಹೋಗುತ್ತಿತ್ತು. ಆ ಕಂಪನಿಯ ಗಿರಾಕಿಗಳಲ್ಲಿ ಅಮೆರಿಕ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದರು. ವರದಿ ಬಂದ ಕೂಡಲೇ ಮುಸ್ಲಿಂ ಪ್ರೊ ಆ ಕಂಪನಿಯ ಜೊತೆಗಿನ ಸಂಬಂಧ ಕಡಿದುಕೊಂಡಿತು. 2021ರ ಜನವರಿಯಲ್ಲಿ ಸಲಾತ್ ಫಸ್ಟ್ ಎಂಬ ಇನ್ನೊಂದು ಆ್ಯಪ್ ಬಗ್ಗೆಯೂ ಅಂಥದೇ ವರದಿ ಬಂತು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆಸ್ಪತ್ರೆ, ಆರಾಧನಾಲಯಗಳಂಥ ಸೂಕ್ಷ್ಮ ಜಾಗಗಳಿಗೆ ಜನ ಹೋಗಿ ಬಂದ ವಿವರವನ್ನು ಎಕ್ಸ್-ಮೋಡ್ ಮಾರಬಾರದೆಂದು ತಡೆ ಹಾಕಿತು.

ಕಿಬ್ಲಾ ಹುಡುಕಲು ಕೊಟ್ಟ ಲೊಕೇಶನ್ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ. ಒಂದೇ ಅಲೋ ಸಾಕಾಯಿತು.

ಇಷ್ಟಕ್ಕೂ ನಮಾಝ್ ಸಮಯಕ್ಕೆ ನಮ್ಮ ಮನೆಯ ಬಾಗಿಲವರೆಗಿನ ಲೊಕೇಶನ್ ಬೇಕಾ? ಲೆಕ್ಕ ಹಾಕೋಣ. ಭೂಮಿ ಒಂದು ಡಿಗ್ರಿ ರೇಖಾಂಶ ತಿರುಗಲು 4 ನಿಮಿಷ ಬೇಕು. ತರೀಕೆರೆಗೂ ಅಜ್ಜಂಪುರಕ್ಕೂ ಇರುವ ಅಂತರ ಸುಮಾರು 0.2 ಡಿಗ್ರಿ. ಅಂದರೆ ಒಂದು ನಿಮಿಷವೂ ಇಲ್ಲ. ಕಡೂರು, ಅಜ್ಜಂಪುರ ಹೆಚ್ಚು ಕಡಿಮೆ ಒಂದೇ ರೇಖೆಯಲ್ಲಿವೆ. ಮೂರು ಪೇಟೆಗಳ ನಮಾಝ್ ಸಮಯಕ್ಕೆ ವ್ಯತ್ಯಾಸ ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ಆ್ಯಪ್‌ನಲ್ಲಿ ಲೊಕೇಶನ್ ಬಂದ್ ಮಾಡಿ ಊರಿನ ಹೆಸರು ಆರಿಸಿದರೆ ಸಾಕು. ಅದೂ ಬೇಡವೆಂದರೆ ಮಸೀದಿಯ ಗೋಡೆಯಲ್ಲಿ ಸಮಯದ ಪಟ್ಟಿ ಇದೆ. ಅದು ಯಾರ ಲೊಕೇಶನ್ನೂ ಕೇಳುವುದಿಲ್ಲ.

ಹೆಚ್ಚು ಕೊಟ್ಟರೆ ಹೆಚ್ಚು ಅನುಕೂಲ ಎಂಬುದು ಯಾವಾಗಲೂ ನಿಜವಲ್ಲ. ಎಷ್ಟೋ ಕಡೆ ಸ್ವಲ್ಪ ಕೊಟ್ಟರೂ ಪೂರ್ತಿ ಅನುಕೂಲ ಸಿಗುತ್ತದೆ. ಉಳಿದದ್ದೆಲ್ಲ ಅವರ ಅನುಕೂಲಕ್ಕೆ.

ಕಷ್ಟದಲ್ಲಿ ಇರುವವರ ಬಾಗಿಲಿಗೆ

ಬಟ್ಟೆ, ಚಪ್ಪಲಿ ಜಾಹೀರಾತು ಹಿಂದೆ ಬಂದರೆ ಹೆಚ್ಚೆಂದರೆ ಕಿರಿಕಿರಿ. ಆದರೆ ಹಣದ ಕಷ್ಟದಲ್ಲಿ ಇರುವವರನ್ನೇ ಗುರುತಿಸಿ ಸಾಲದ ಜಾಹೀರಾತು ಬಂದರೆ ಅದು ಬೇರೆಯೇ ಸಂಗತಿ. ಹಸಿದವನ ಮುಂದೆ ಗಾಳ ಹಾಕಿದ ಹಾಗೆ. "ಐದು ನಿಮಿಷದಲ್ಲಿ ಹಣ, ದಾಖಲೆ ಬೇಡ" ಎನ್ನುವ ಆ್ಯಪ್‌ಗಳಲ್ಲಿ ಕೆಲವು ಮೊದಲು ಕೇಳುತ್ತಿದ್ದದ್ದೇ ಮೊಬೈಲಿನಲ್ಲಿರುವ ನಂಬರುಗಳ ಪಟ್ಟಿ, ಫೋಟೋಗಳು. ಕಂತು ತಪ್ಪಿದರೆ ನೆಂಟರಿಗೆ, ನೆರೆಯವರಿಗೆ ಫೋನು ಮಾಡಿ ಮಾನ ಕಳೆಯುತ್ತಿದ್ದರು. ಬಡ್ಡಿಯ ಪಾಪ ಒಂದು ಕಡೆ, ಊರೆಲ್ಲ ತಲೆ ತಗ್ಗಿಸುವುದು ಇನ್ನೊಂದು ಕಡೆ.

2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮ ತಂದಿತು. ಸಾಲ ಕೊಡುವ ಆ್ಯಪ್‌ಗಳು ಗ್ರಾಹಕರ ನಂಬರುಗಳ ಪಟ್ಟಿ, ಕರೆಗಳ ವಿವರ, ಫೈಲು, ಫೋಟೋಗಳಿಗೆ ಕೈ ಹಾಕುವಂತಿಲ್ಲ. ಕೇಳಿದರೆ ಅದು ಸರಿಯಾದ ಆ್ಯಪ್ ಅಲ್ಲ ಎಂದು ತಿಳಿಯಿರಿ. ಮೋಸ ಆಗಿದ್ದರೆ ನಾಚಿಕೆ ಪಡದೆ 1930ಕ್ಕೆ ಫೋನು ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಇಲ್ಲ ಎಂದರೆ ಹಿಂದಿರುಗಬೇಕು

ಮದ್ರಸದ ಚಿಕ್ಕ ಮಕ್ಕಳಿಗೆ ನಾವು ಕಲಿಸುವ ಅದಬ್‌ಗಳಲ್ಲಿ ಅನುಮತಿ ಕೇಳುವುದೂ ಒಂದು. ಬೇರೆಯವರ ಮನೆಗೆ ಸಲಾಂ ಹೇಳಿ, ಒಪ್ಪಿಗೆ ಪಡೆದೇ ಒಳಗೆ ಹೋಗಬೇಕು, ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂಬುದು ಸೂರಃ ಅನ್ನೂರ್‌ನ 27 ಮತ್ತು 28ನೇ ಆಯತ್‌ಗಳ ಆದೇಶ. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ವಾಪಸ್ ಹೋಗಬೇಕೆಂದು ಪ್ರವಾದಿ (ಸ) ಕಲಿಸಿದರು. ಬಾಗಿಲ ಸಂದಿಯಲ್ಲಿ ಇಣುಕಿದವನಿಗೆ, ಈ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂದು ಅವರು ತಿಳಿಸಿದ ಹದೀಸ್ ಬುಖಾರಿಯಲ್ಲಿದೆ. ಕಾಲು ಒಳಗಿಡದಿದ್ದರೂ ಕಣ್ಣು ಒಳಗೆ ಹೋದರೆ ಅದೂ ಪ್ರವೇಶವೇ.

ಆ್ಯಪ್‌ಗಳೂ ಅನುಮತಿ ಕೇಳುತ್ತವೆ, ಇಲ್ಲ ಎನ್ನುವಂತಿಲ್ಲ. ಆದರೆ ನಮಗೆ ಬೇಡ ಎಂದರೆ ಅವು ಹಿಂದಿರುಗುವುದಿಲ್ಲ. ಮತ್ತೆ ಕೇಳುತ್ತವೆ, ಇಲ್ಲವೇ ಬಾಗಿಲನ್ನೇ ಮುಚ್ಚುತ್ತವೆ. 2021ರಲ್ಲಿ ವಾಟ್ಸ್ಆ್ಯಪ್ ಹೊಸ ನಿಯಮ ತಂದು, ಒಪ್ಪಿದರೆ ಇರಿ ಎನ್ನುವ ಧಾಟಿ ಹಿಡಿದಾಗ ಬಹಳ ಜನ ಗಾಬರಿಯಾದರು. ವಾಟ್ಸ್ಆ್ಯಪ್‌ನಲ್ಲಿ ನಾವು ಕಳಿಸುವ ಖಾಸಗಿ ಸಂದೇಶವನ್ನು ಕಂಪನಿ ಓದಲಾಗದು, ಅದು ಬೀಗ ಹಾಕಿಯೇ ಹೋಗುತ್ತದೆ. ವಿವಾದ ಇದ್ದದ್ದು ಬಳಕೆಯ ಉಳಿದ ವಿವರಗಳನ್ನು ಮೆಟಾದ ಬೇರೆ ಕಂಪನಿಗಳ ಜೊತೆ ಹಂಚಿಕೊಳ್ಳುವ ಬಗ್ಗೆ. ಬೇಡ ಎನ್ನುವ ಆಯ್ಕೆಯನ್ನೇ ಕೊಡದೆ ಒಪ್ಪಿಸಿದ್ದು ತಪ್ಪು ಎಂದು ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಅದರ ವಿರುದ್ಧ ಮೇಲ್ಮನವಿಗೆ ಹೋಯಿತು.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಆದದ್ದರ ಹಿಂದೆ ನಮ್ಮ ರಾಜ್ಯದವರೇ ಒಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಹಕ್ಕನ್ನು ಎತ್ತಿಹಿಡಿಯಿತು.

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಹೊರಬಿದ್ದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು ಕೊಟ್ಟಿದ್ದಾರೆ. ಅದರಲ್ಲಿ ನಮ್ಮ ಮನೆಗಳಿಗೆ ಬೇಕಾದ ಮೂರು ಮಾತುಗಳಿವೆ. ಒಂದು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದೆ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಎರಡು, ಒಪ್ಪಿಗೆಯ ಬರಹವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಇರಬೇಕು. ಆ ಪಟ್ಟಿಯಲ್ಲಿ ಬ್ಯಾರಿ ಭಾಷೆ ಇಲ್ಲದಿದ್ದರೂ ಕನ್ನಡ ಇದೆ. ಮೂರು, 18 ವರ್ಷದ ಒಳಗಿನ ಮಕ್ಕಳ ಹೆಜ್ಜೆ ಹಿಂಬಾಲಿಸಿ ಅವರಿಗೆ ಗುರಿಯಿಟ್ಟು ಜಾಹೀರಾತು ಕಳಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ.

ಆದರೆ ನಮ್ಮ ಮನೆಗಳಲ್ಲಿ ಮಗು ಹಿಡಿಯುವುದು ಉಮ್ಮನ ಮೊಬೈಲನ್ನು. ಕುರ್‌ಆನ್ ಪಾಠಕ್ಕೆಂದು ತೆಗೆದುಕೊಂಡ ಮೊಬೈಲಿನಲ್ಲಿ ನೋಡುತ್ತಿರುವುದು ಹತ್ತು ವರ್ಷದ ಹುಡುಗ ಎಂದು ಕಂಪನಿಗೆ ಹೇಗೆ ಗೊತ್ತಾಗಬೇಕು? ಕಾನೂನು ಬಾಗಿಲವರೆಗೆ ಬರಬಹುದು. ಒಳಗಿನ ಚಿಲಕ ನಾವೇ ಹಾಕಬೇಕು.

ಇವತ್ತು ರಾತ್ರಿಯೇ ಮಾಡಬಹುದಾದದ್ದು

ಇಶಾ ಆದ ಮೇಲೆ ಹತ್ತು ನಿಮಿಷ ಸಾಕು. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಸೆಟ್ಟಿಂಗ್ಸ್ ವಿಷಯದಲ್ಲಿ ಅವರೇ ನಮ್ಮ ಉಸ್ತಾದರು.

ಮೊದಲು, ಟಿವಿಯಲ್ಲಿ ಯಾರ ಖಾತೆ ಇದೆ ನೋಡಿ. ಒಬ್ಬರ ಸ್ವಂತ ಖಾತೆ ಇದ್ದರೆ ತೆಗೆದು, ಮನೆಯವರಿಗೆಲ್ಲ ಸೇರಿ ಬೇರೆಯೇ ಒಂದು ಖಾತೆ ಹಾಕಿ. ಎರಡನೆಯದು, ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬಲ್ಲಿಗೆ ಹೋಗಿ, ಆ್ಯಡ್ಸ್ ಒಳಗೆ ಡಿಲೀಟ್ ಅಡ್ವರ್ಟೈಸಿಂಗ್ ಐಡಿ ಒತ್ತಿ. ಮೊಬೈಲಿನಿಂದ ಮೊಬೈಲಿಗೆ ದಾರಿ ಸ್ವಲ್ಪ ಬೇರೆ ಇರಬಹುದು. ಐಫೋನ್ ಇದ್ದವರು ಟ್ರ್ಯಾಕ್ ಮಾಡಲೇ ಎಂದು ಆ್ಯಪ್ ಕೇಳಿದಾಗ ಬೇಡ ಎನ್ನಿ. ಮೂರನೆಯದು, ಯಾವ ಯಾವ ಆ್ಯಪ್‌ಗೆ ಲೊಕೇಶನ್ ಕೊಟ್ಟಿದ್ದೀರಿ ಎಂದು ಪಟ್ಟಿ ತೆರೆದು ನೋಡಿ. ದಾರಿ ತೋರಿಸುವ ಆ್ಯಪ್‌ಗೆ ಬಳಸುವಾಗ ಮಾತ್ರ ಇರಲಿ. ಉಳಿದವಕ್ಕೆ ಬೇಡ, ಇಲ್ಲವೇ ನಿಖರ ಜಾಗದ ಬದಲು ಅಂದಾಜು ಜಾಗ ಸಾಕು. ನಾಲ್ಕನೆಯದು, ಟಾರ್ಚ್, ಕ್ಯಾಲೆಂಡರ್, ವಾಲ್‌ಪೇಪರ್ ಆ್ಯಪ್‌ಗಳು ನಂಬರುಗಳ ಪಟ್ಟಿ ಕೇಳಿದರೆ ತೆಗೆದೇ ಹಾಕಿ. ಟಾರ್ಚಿಗೆ ನಮ್ಮ ನೆಂಟರ ನಂಬರು ಯಾಕೆ?

ಇಷ್ಟು ಮಾಡಿದರೆ ಜಾಹೀರಾತು ನಿಲ್ಲುವುದಿಲ್ಲ. ನಮ್ಮನ್ನೇ ಹುಡುಕಿ ಬರುವುದು ಕಡಿಮೆಯಾಗುತ್ತದೆ, ಅಷ್ಟೇ. ತರೀಕೆರೆಯ ಜವಳಿ ಅಂಗಡಿಗೂ ಇದರಿಂದ ನಷ್ಟವಿಲ್ಲ. ತರೀಕೆರೆ ಸುತ್ತಿನವರು ಎಂದು ಗೊತ್ತಾದರೆ ಅವರಿಗೆ ಸಾಕು. ನಮ್ಮ ಬಳೆಯ ಲೆಕ್ಕ ಅವರಿಗೆ ಬೇಕಿಲ್ಲ.

ಆ ತಾಯಿಯ ಮನೆಯಲ್ಲಿ ಮುಂದೆ ಏನಾಯಿತು ಎಂದು ನೀವು ಕೇಳಬಹುದು. ಮಾವ ಬಯ್ಯಲಿಲ್ಲ. ತಮ್ಮ ಹತ್ತಿರ ಇದ್ದ ಹಣದಲ್ಲಿ ಫೀಸು ಕಟ್ಟಿದರು, ಬಳೆ ಕೈಯಲ್ಲೇ ಉಳಿಯಿತು. ಹಾಗಾದರೆ ಜಾಹೀರಾತು ಬಂದದ್ದೇ ಒಳ್ಳೆಯದಾಯಿತಲ್ಲ ಎಂದು ನಾನೂ ಅಂದೆ. ಅವರು ತಲೆ ಅಲ್ಲಾಡಿಸಿದರು. "ಹಣ ಸಿಕ್ಕಿತು ಉಸ್ತಾದರೇ, ಅಲ್‌ಹಮ್ದುಲಿಲ್ಲಾಹ್. ಆದರೆ ಮಾವನಿಗೆ ಅದನ್ನು ನಾನೇ ಹೇಳಬೇಕಿತ್ತು."

ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಪೋಷಕರ ಗುಂಪಿನಲ್ಲಿ ನಾನು ಹಾಕಿದ್ದ ಹಳೆಯ ಮಾತನ್ನು ತಿದ್ದಿ, ಲೊಕೇಶನ್ ಬಂದ್ ಮಾಡಿ ಊರಿನ ಹೆಸರು ಆರಿಸಿ ಎಂದು ಅಂದೇ ಬರೆದೆ. ಅವರ ಮಗ ಮನೆಗೆ ಹೋಗಿ ಟಿವಿಯ ಖಾತೆ ಬದಲಿಸಿದನಂತೆ. ಈಗ ಬಯಾನ್ ಮಧ್ಯೆ ಸೋಪು, ಸಿಮೆಂಟಿನ ಜಾಹೀರಾತು ಬರುತ್ತದಂತೆ. ಊರಿಗೆಲ್ಲ ಬರುವಂಥದ್ದು.